ರ‍್ಯಾಮ್ ಕಿತ್ತುಕೊಂಡು ಮಾರಿದ ಕಂಪ್ಯೂಟರ್

ವಿಜಯಪುರದಲ್ಲಿ ನನ್ನದು ಒಣದ್ರಾಕ್ಷಿ ವ್ಯಾಪಾರ. ಬರಿಗೈಯಲ್ಲಿ ಶುರು ಮಾಡಿದವನು, ಯಾವುದನ್ನೂ ಪುಕ್ಕಟೆ ಬಿಟ್ಟುಕೊಟ್ಟವನಲ್ಲ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ತಿಕೋಟಾ ಕಡೆಯ ಬಿಜ್ಜರಗಿಯ ಒಬ್ಬ ಬೆಳೆಗಾರನಿಗೆ ಮಾರಿದೆ. ಪ್ರತಿ ವರ್ಷ ನನಗೇ ಮಾಲು ಕೊಡುವವನು. ಕಾಲೇಜಿಗೆ ಹೋಗುವ ಮಗಳಿಗೆ ಬೇಕಾಗಿತ್ತು.

ಕೊಡುವ ಮುಂಚೆ ಡಬ್ಬಿ ಬಿಚ್ಚಿಸಿ ರ‍್ಯಾಮ್ ಪಟ್ಟಿ ಕಿತ್ತುಕೊಂಡೆ. ಎಲ್ಲರೂ ಅದಕ್ಕೇ ಮೆಮೊರಿ ಅನ್ನುತ್ತಾರಲ್ಲ, ಅದು ನನ್ನ ಬಳಿ ಇದ್ದರೆ ಒಳಗಿನದೆಲ್ಲ ನನ್ನ ಬಳಿಯೇ ಉಳಿಯಿತು ಎಂದು ನನ್ನ ಲೆಕ್ಕ.

"ಇದೊಂದು ನೀನ ಹೊಸಾದು ಹಾಕಿಸ್ಕೋಪಾ."

"ಆ-ಆತ್ರಿ ಸಾವ್ಕಾರ್ರ."

ಅವನಿಗೆ ಮಾತು ತೊದಲುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡು ಇರುವವನಲ್ಲ. ತೂಕದ ಹೊತ್ತಿಗೆ, "ನಿ-ನಿಮ್ಮ ತಕ್ಕಡಿ ಮುಳ್ಳು ನನಗಿಂತಾ ತ-ತಡವರಸ್ತೈತ್ರಿ" ಎಂದು ಹಮಾಲರ ಎದುರೇ ನನ್ನ ಕಾಲೆಳೆಯುತ್ತಿದ್ದ.

ಮರುವಾರ, ಹೊಸ ರ‍್ಯಾಮ್ ಹಾಕಿಸಿಕೊಂಡು, ಅವನ ಮಗಳು ಫೋನ್ ಮಾಡಿದಳು.

"ಕಾಕಾ, ಇದರಾಗ ನಿಮ್ಮ ಅಂಗಡಿ ವಿಡಿಯೋ ಅದಾವ್ರಿ. ಒಂದರಾಗ ನೀವು ನಮ್ಮಪ್ಪನಂಗ ಮಾತಾಡಾಕತ್ತೀರಿ. ಎಲ್ಲಾರೂ ನಗಾಕತ್ತಾರ."

ದೀಪಾವಳಿಯ ಲಕ್ಷ್ಮೀ ಪೂಜೆಯ ದಿನ ಹಮಾಲರನ್ನು ನಗಿಸಲು ಮಾಡಿದ ಅಣಕು ಅದು. ಯಾರೋ ಫೋನಿನಲ್ಲಿ ತೆಗೆದು ಕಂಪ್ಯೂಟರಿಗೆ ಹಾಕಿದ್ದರು.

"ಮೆಮೊರಿ ನನ್ನ ಕಡೆ ಐತಲ್ಲವಾ?" ಎಂದೆ.

"ಅದು ಬರೇ ರ‍್ಯಾಮ್ ರಿ. ಕರೆಂಟ್ ಇರೂತನಾ ಹಿಡಕೊಂಡಿರತೈತಿ, ಆಫ್ ಮಾಡಿದ್ರ ಖಾಲಿ. ವಿಡಿಯೋ ಹಾರ್ಡ್ ಡಿಸ್ಕಿನಾಗ ಇರತಾವ. ಕರೆಂಟ್ ಹೋದ್ರೂ ಹಂಗ ಉಳಿತಾವ್ರಿ."

ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ರ‍್ಯಾಮ್ ತಕ್ಕಡಿಯ ತಟ್ಟೆ. ತೂಕ ಮುಗಿದರೆ ಅದರಲ್ಲಿ ಏನೂ ನಿಲ್ಲುವುದಿಲ್ಲ. ಡಿಸ್ಕು ಕೋಲ್ಡ್ ಸ್ಟೋರೇಜು. ಇಟ್ಟ ಮಾಲು ತೆಗೆಯುವ ತನಕ ಅಲ್ಲೇ. ನಾನು ತಟ್ಟೆ ಎತ್ತಿಟ್ಟುಕೊಂಡು ಗೋದಾಮನ್ನೇ ಕೊಟ್ಟಿದ್ದೆ. ಹಳೆಯ ಕಂಪ್ಯೂಟರ್ ಮಾರುವವರಿಗೆ ಒಂದು ಮಾತು: ಡಿಸ್ಕನ್ನೇ ತೆಗೆದಿಟ್ಟುಕೊಳ್ಳಿ. ಸುಮ್ಮನೆ ಅಳಿಸಿದರೆ ಸಾಲದು, ಅಳಿಸಿದ್ದನ್ನು ಮರಳಿ ತೆಗೆಯುವವರೂ ಇದ್ದಾರೆ.

"ಅಳಸಿಬಿಡವಾ. ನಿಮ್ಮಪ್ಪಗ ತೋರಸಬ್ಯಾಡ. ಹೊಸಾ ಕಂಪ್ಯೂಟರ್ ಕೊಡಸ್ತೀನಿ ನಿನಗ."

ಕಾಲೇಜು ಓದುವ ಹುಡುಗಿಯ ಜೊತೆಗೂ ಚೌಕಾಸಿಗೆ ಇಳಿದಿದ್ದೆ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಅಪ್ಪ ಆಗಲೇ ನೋಡ್ಯಾನ್ರಿ," ಎಂದು ಫೋನ್ ಇಟ್ಟಳು.

ಅವನ ಮಾಲು ಬೇರೆ ಅಂಗಡಿಗೆ ಹೋದರೆ ಹೋಗಲಿ. ನನ್ನೆದುರು ಇನ್ನು ಮೊದಲಿನಂತೆ ಮಾತಾಡುತ್ತಾನೋ ಇಲ್ಲವೋ ಎಂಬುದೇ ಕೊರೆಯತೊಡಗಿತು. ಬಿಜ್ಜರಗಿಗೆ ಹೋಗಲು ಧೈರ್ಯ ಬರಲಿಲ್ಲ.

ಹಂಗಾಮಿನಲ್ಲಿ ಅವನೇ ಬಂದ, ಟಂಟಂ ಗಾಡಿ ತುಂಬ ಮಾಲು ಹೇರಿಕೊಂಡು. ಮಗಳನ್ನೂ ಕರೆತಂದಿದ್ದ. ತಪ್ಪಾಯಿತು ಎನ್ನಬೇಕೆಂದು ಎದ್ದು ನಿಂತೆ. ಬಾಯಿಗೆ ಬಂದದ್ದು ಬೇರೆ:

"ಬಾರಪಾ. ಏನಂತೀ ದರಾ?"

ಅವನು ಮಗಳ ಮುಖ ನೋಡಿದ. ದರ ಅವಳು ಹೇಳಿದಳು. ಹಮಾಲರು ಅಲ್ಲೇ ನಿಂತಿದ್ದರು.

"ನೀನ ಹೇಳೋ ಮಾರಾಯಾ," ಎಂದೆ.

ಅವನು ನಕ್ಕಂತೆ ಮಾಡಿ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ಮಾಲು ಇಳಿಸಲು ಟಂಟಂ ಕಡೆ ತಿರುಗಿದ.