ಚಟ್ನಿ ಪಾಕೀಟಿನ ಮೇಲೆ ಎಮ್ಮೆಯ ಮುಖ

ಗೆಳೆಯರೇ, ಕಂಪನಿಯ ಲೋಗೋದಲ್ಲಿ ಹೆಸರಿನ ಚಿತ್ರ ಇರಬೇಕೋ, ಸರಕಿನ ಚಿತ್ರ ಇರಬೇಕೋ? ಜತ್ತದಲ್ಲಿ ಇಷ್ಟು ವರ್ಷ ಬೋರ್ಡು, ಪಾಕೀಟು ಬರೆದ ನನಗೇ ಇಂದು ತಲೆ ಕೆಟ್ಟಿದೆ.

ಕರಜಗಿಯ ಸಾವಿತ್ರಕ್ಕ ತಮ್ಮ ಶೇಂಗಾ ಚಟ್ನಿಗೆ ಮನೆಯ ಎಮ್ಮೆ ಚಂದ್ರಿಯ ಹೆಸರಿಟ್ಟಿದ್ದಾರೆ. ನಾನು ಶೇಂಗಾದ ಚಿತ್ರ ಬರೆದು ತೋರಿಸಿದ್ದೆ. "ಹೆಸರು ಚಂದ್ರೀದು, ಚಿತ್ರಾ ಶೇಂಗಾದ್ದು? ಆಕೀ ಮಾರಿನ ಬೇಕ್ರಿ" ಎಂದು ಹಟ ಹಿಡಿದರು. ಕೊಂಬು ಸಮೇತ ಎಮ್ಮೆಯ ಮುಖವನ್ನೇ ಬರೆದುಕೊಟ್ಟೆ.

ಇಂದು ಬೆಳಿಗ್ಗೆ ಇಬ್ಬರೂ ಮುಚ್ಚಂಡಿಯ ಕಿರಾಣಿ ಅಂಗಡಿಗೆ ಹೋದರೆ, ಚಟ್ನಿ ಪಾಕೀಟುಗಳು ಪಶುಖಾದ್ಯದ ಚೀಲಗಳ ಮೇಲೆ ಕುಳಿತಿದ್ದವು!

"ಎಮ್ಮಿ ಮಾರಿ ನೋಡಿ ಅಲ್ಲಿಟ್ಟೀನ್ರಿ. ಎಲ್ಲಾ ಓದಕೋತ ಕುಂದ್ರಾಕ ನನಗೆಲ್ಲಿ ಪುರಸತ್ತು?" ಅಂದ ಅಂಗಡಿಯವ.

"ನಾ ಹೇಳಿದ್ದಿಲ್ಲೇನ್ರಿ ಅಕ್ಕಾರ?" ಎಂದು ನಾನು ಶುರು ಮಾಡುವಷ್ಟರಲ್ಲಿ ಹೆಂಗಸೊಬ್ಬಳು ಖಾಲಿ ಪಾಕೀಟು ಹಿಡಿದು ಬಂದಳು.

"ಅಣ್ಣಾರ, ನಿನ್ನಿ ಎಮ್ಮಿಗಂತ ಒಯ್ದಿದ್ನಿ. ಒಡದ್ರ ಬಳ್ಳೊಳ್ಳಿ ಘಮಾ! ರೊಟ್ಟಿಗೆ ಹಚ್ಕೊಂಡು ಮನಿಮಂದೆಲ್ಲಾ ತಿಂದ್ವಿ. ಇನ್ನೆರಡು ಕೊಡ್ರಿ."

ಸಾವಿತ್ರಕ್ಕ ನನ್ನತ್ತ ತಿರುಗಿದರು. "ಶೇಂಗಾ ಚಿತ್ರಾ ಇದ್ದಿದ್ರ ಈಕಿ ಒಯ್ತಿದ್ಲೇನ್ರಿ? ಚಟ್ನಿ ಅವರ ಮನ್ಯಾಗೂ ಇರ್ತದ."

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ದಯವಿಟ್ಟು ಹೇಳಿ. ಪಾಕೀಟುಗಳನ್ನು ಈಚೆ ತೆಗೆದಿಡಲು ನಾನು ಕೈ ಹಾಕಿದೆ. ಅಂಗಡಿಯವ ತಡೆದ: "ಮುಟ್ಟಬ್ಯಾಡ್ರಿ, ಅಲ್ಲೇ ಚಲೋ ಮಾರಾಟ ಆಗಾಕತ್ತಾವ."