ಸಿಡಿಲು ಹಿಡಿಯುತ್ತಿದ್ದ ಅಮರೇಶಣ್ಣ

ಆಕಾಶ ಗುಡುಗತೊಡಗಿದರೆ ಮಸ್ಕಿ ಬಜಾರಿನ ಮಂದಿ ತಾಡಪತ್ರಿ ಇಳಿಸುವ ಗಡಿಬಿಡಿಯಲ್ಲಿರುತ್ತಿದ್ದರು. ಅಮರೇಶಣ್ಣ ಮಾತ್ರ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡನ್ನು ಬೈಕಿಗೆ ಕಟ್ಟುತ್ತಿದ್ದ. ಮದುವೆ ಮನೆಯಲ್ಲಿ ಬೀಗರು ಎಷ್ಟು ಕೂಗಿದರೂ ಅವಸರ ಮಾಡದ ಮನುಷ್ಯ, ಮಿಂಚು ಕಂಡರೆ ತಿನ್ನುತ್ತಿದ್ದ ಮಿರ್ಚಿಯನ್ನೂ ಬಿಟ್ಟು ಹೊರಡುತ್ತಿದ್ದ. ಅವನ ಫೋಟೋ ಸ್ಟುಡಿಯೋದಲ್ಲಿ ನಾನು ಕಂಪ್ಯೂಟರಿನ ಮೇಲೆ ಆಲ್ಬಂ ಜೋಡಿಸುತ್ತಿದ್ದೆ.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಾಯವಾಗುವುದನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳಿದ್ದೆ.

“ಅದರ ಬೆನ್ನು ಹತ್ತಬಾರ್ದು ತಂಗಿ. ಕ್ಯಾಮೆರಾದ ಕಣ್ಣು ತೆರೆದಿಟ್ಟು ಸುಮ್ನ ನಿಂದರಬೇಕು. ಬೆಳಕು ತಾನ ಬಂದು ಕುಂದರ್ತದ.”

ಒಂದು ವರ್ಷ ಭತ್ತದ ನಾಟಿಯ ಹೊತ್ತಿನಲ್ಲಿ ಒಂದು ಸಂಜೆ ತುರ್ವಿಹಾಳದ ಕಡೆ ಕಾಲುವೆ ಏರಿಯ ಮೇಲೆ ನಿಂತು ಅವನು ತೆಗೆದ ಚಿತ್ರದಂಥದ್ದನ್ನು ನಾನು ಮತ್ತೆ ನೋಡಿಲ್ಲ. ಕಪ್ಪು ಗದ್ದೆಗಳ ಮೇಲೆ ಬೇರು ಬಿಟ್ಟಂತೆ ಇಳಿದ ಸಿಡಿಲು, ಅದರ ಬುಡದಲ್ಲಿ ಒಂದು ಬೇವಿನ ಮರ. ಅವನು ಅದನ್ನು ವಾಟ್ಸಾಪಿಗೆ ಹಾಕಿದ, ಊರೆಲ್ಲ ಹೊಗಳಿತು. ಮರುದಿನ ಬೆಳಿಗ್ಗೆ ಪೊಲೀಸರು ಹೆಣಗಳ ಫೋಟೋ ತೆಗೆಯಲು ಅವನನ್ನೇ ಕರೆದರು. ನಾಟಿ ಮುಗಿಸಿ ಟಂಟಂ ಗಾಡಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಸಿಡಿಲು ಬಡಿದು ಸತ್ತಿದ್ದರು. ಅಲ್ಲಿಗೆ ಹೋದಾಗ ತನ್ನ ಚಿತ್ರದಲ್ಲಿದ್ದ ಮರದ ಗುರುತು ಹತ್ತಿತು. ತಿರುಗಿ ಬಂದವನು ವಾಟ್ಸಾಪಿನಿಂದ ಚಿತ್ರ ಅಳಿಸಿದ, ಕಂಪ್ಯೂಟರಿನಲ್ಲಿದ್ದುದನ್ನು ಮುಟ್ಟಲಿಲ್ಲ; ಅಂದು ಊಟ ಮಾಡಲಿಲ್ಲ.

ಕೆಲವು ದಿನಗಳ ಮೇಲೆ ಸತ್ತವರಲ್ಲೊಬ್ಬಳಾದ ದೇವಮ್ಮನ ಗಂಡ ನಿಂಗಪ್ಪ ಸ್ಟುಡಿಯೋಕ್ಕೆ ಬಂದ. ಹೆಂಡತಿಯದೆಂದು ಅವನಲ್ಲಿದ್ದುದು ಆಧಾರ್ ಕಾರ್ಡಿನ ಮಸುಕು ಮುಖವೊಂದೇ. ಅದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಂಡ. ಏಳುವಾಗ, ಯಾರದೋ ಮೊಬೈಲಿನಲ್ಲಿ ಆ ಸಿಡಿಲು ನೋಡಿದ್ದೇನೆ, ಒಮ್ಮೆ ದೊಡ್ಡದಾಗಿ ತೋರಿಸಿ ಎಂದ. ಅಮರೇಶಣ್ಣ ಸನ್ನೆ ಮಾಡಿದ ಮೇಲೆ ನಾನು ತೆರೆದೆ.

ನಿಂಗಪ್ಪ ಪರದೆಯ ಹತ್ತಿರ ಬಗ್ಗಿದ. “ಆಕಿ ಇದರಾಗ ಅದಾಳೇನ್ರೀ?”

ಕತ್ತಲು ಎಂದೆ. ತಿಳಿ ಮಾಡಲು ಬರುವುದಿಲ್ಲವೇ ಎಂದು ಕೇಳಿದ. ಬರುತ್ತಿತ್ತು. ನಾನು ಬೆಳಕು ಏರಿಸುತ್ತ ಹೋದಂತೆ ಮರದ ಬೊಡ್ಡೆ ಕಂಡಿತು, ಬೊಡ್ಡೆಯ ಪಕ್ಕ ಬೆಳ್ಳಗೆ ಏನೋ. ಅಮರೇಶಣ್ಣ ನನ್ನ ಕೈಯ ಮೇಲೆ ಕೈಯಿಟ್ಟು ತಡೆದ.

“ಬರೇ ಗಿಡಪಾ ಅದು,” ಎಂದ. “ಮತ್ತೇನಿಲ್ಲ.”

ನಿಂಗಪ್ಪ ಒಮ್ಮೆ ಅಮರೇಶಣ್ಣನ ಮುಖ ನೋಡಿ, ಕಟ್ಟು ಹಾಕಿಸಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಆಮೇಲೆ ಅಮರೇಶಣ್ಣ ಉಳಿದ ಬೆಳಕನ್ನೂ ಏರಿಸಲು ಹೇಳಿದ. ಗೊಬ್ಬರದ ಚೀಲ ತಲೆಗೆ ಹೊದ್ದು ಇಬ್ಬರು ಆತುಕೊಂಡು ಕುಳಿತಿದ್ದರು.

“ಅವ್ರು ಗಾಡಿಗೆ ಕಾಯಾಕತ್ತಾರ,” ಎಂದ. “ನಾ ಇದಕ್ಕ ಕಾಯಾಕತ್ತಿದ್ದೆ.”

ಮುಂದೆ ಅವನು ಮದುವೆ, ಸೀಮಂತಗಳ ಫೋಟೋವನ್ನಷ್ಟೇ ತೆಗೆದ. ಮಾತು ಕಡಿಮೆಯಾಯಿತು. ಹೋದ ವರ್ಷ ಕಾಮಾಲೆ ಏರಿ ತೀರಿಕೊಂಡ. ಅವನ ಊರು ಲಿಂಗಸುಗೂರಿನಲ್ಲಿ ಮಣ್ಣಿಗೆ ಬಂದವರ ನಡುವೆ ನಿಂಗಪ್ಪನೂ ಇದ್ದ. ಮಂದಿ ಚೆದುರಿದ ಮೇಲೆ ನನ್ನ ಹತ್ತಿರ ಬಂದು, ಅವತ್ತು ಗಿಡದ ಕೆಳಗೆ ಕಂಡದ್ದು ಆ ಹೆಂಗಸರೇ ತಾನೇ ಎಂದು ಕೇಳಿದ. ಹೌದೆಂದೆ.

“ನನಗ ಅವತ್ತ ಗೊತ್ತಾಗಿತ್ತು ಯಕ್ಕಾ. ಅಣ್ಣಾರ ಮಾರಿ ನೋಡಿದೆ. ಅವರಿಗೆ ಇನ್ನಷ್ಟು ಯಾಕ ತ್ರಾಸು ಕೊಡಬೇಕಂತ ಸುಮ್ನಾದೆ.”