ಎಡಗಡೆ ಸೀಟಿನ ಬ್ರೇಕು

ಹೋದ ವಾರ ಲಲಿತಮಹಲ್ ಕಡೆಯ ಏರಿನಲ್ಲಿ ನನ್ನ ಮುಂದೆ ಒಂದು ಎಲ್ ಬೋರ್ಡಿನ ಕಾರು ನಿಂತುಬಿಟ್ಟಿತು. ಓಡಿಸುತ್ತಿದ್ದ ಹುಡುಗಿ ಎಷ್ಟು ಒದ್ದಾಡಿದರೂ ಅದು ಮುಂದಕ್ಕೆ ಹೋಗದೆ ಗೇಣುಗೇಣು ಹಿಂದಕ್ಕೇ ಜಾರುತ್ತಿತ್ತು. ಹಿಂದಿದ್ದವರೆಲ್ಲ ಹಾರನ್ ಹೊಡೆದು ಅವಳ ಪ್ರಾಣ ತಿನ್ನುತ್ತಿದ್ದರು. ಅಷ್ಟರಲ್ಲಿ ಕ್ಲಚ್ಚು ಸುಟ್ಟ ವಾಸನೆ ನನ್ನ ಕಿಟಕಿಯೊಳಗೆ ನುಗ್ಗಿತು. ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳಲಿ... ರಬ್ಬರೂ ಕೂದಲೂ ಒಟ್ಟಿಗೆ ಸುಟ್ಟ ಹಾಗಿರುತ್ತದೆ. ನನಗೆ ಮಾತ್ರ ಅದು ನಮ್ಮ ಮೇಷ್ಟ್ರನ್ನು ತಂದು ಪಕ್ಕದಲ್ಲಿ ಕೂರಿಸುವ ವಾಸನೆ.

ಮೇಷ್ಟ್ರು ಎಂದರೆ ಶಾಲೆಯವರಲ್ಲ. ನಜರ್‌ಬಾದಿನಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿದ್ದ ಸಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವರು. ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು.

ನಾನಾಗಿ ಕಾರು ಕಲಿಯಲು ಹೋದವಳಲ್ಲ. ಸೈಕಲ್ಲನ್ನೂ ಕಲಿಯದ ಹೆದರುಪುಕ್ಕಲಿ ನಾನು. ಗಂಡನ ಬೈಕಿನ ಹಿಂದೆ ಕೂತರೆ ಅವರ ಅಂಗಿಯನ್ನು ಮುಷ್ಟಿಯಲ್ಲಿ ಮುದುರಿ ಹಿಡಿದೇ ಕೂರುತ್ತಿದ್ದೆ. ಇಸ್ತ್ರಿ ಎಲ್ಲ ಹಾಳು ಮಾಡ್ತೀಯಲ್ಲೇ ಎಂದು ಅವರು ರೇಗುತ್ತಿದ್ದರು. ಒಂದು ಸಂಜೆ ನಾಯಿಯೊಂದು ಅಡ್ಡ ಬಂತು, ಬೈಕು ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೆ. ಅವರ ಬಲಮಂಡಿ ಪುಡಿಯಾಯಿತು. ಆಪರೇಷನ್ ಮಾಡಿದ ಡಾಕ್ಟರು, ದಿನ ಬಿಟ್ಟು ದಿನ ಫಿಸಿಯೋಥೆರಪಿ ಆಗಲೇಬೇಕು, ತಪ್ಪಿಸಿದರೆ ಈ ಕಾಲು ಮಡಿಸುವ ಆಸೆ ಬಿಡಿ ಎಂದರು. ಫಿಸಿಯೋಥೆರಪಿ ಮಾಡುತ್ತಿದ್ದ ಕ್ಲಿನಿಕ್ಕು ಕುವೆಂಪುನಗರದಲ್ಲಿತ್ತು.

ಆಗಿನ್ನೂ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿರಲಿಲ್ಲ. ಆಗಿದ್ದರೂ ನಮಗೆ ಉಪಯೋಗವಿರಲಿಲ್ಲ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕಿತ್ತು. ಮಡಿಸಲಾಗದ ಕಾಲನ್ನು ಆ ಎತ್ತರದ ಮೆಟ್ಟಿಲಿಗೆ ಎತ್ತಿಡುವಷ್ಟರಲ್ಲಿ ಕಂಡಕ್ಟರು ವಿಸಿಲ್ ಊದಿರುತ್ತಿದ್ದ. ಆಟೊದಲ್ಲಾದರೆ ಕಾಲನ್ನು ಹೊರಗೆ ಚಾಚಿಕೊಂಡೇ ಕೂರಬೇಕು. ಪಕ್ಕದಲ್ಲಿ ಸುಯ್ಯನೆ ಹೋಗುವ ಒಂದೊಂದು ಸ್ಕೂಟರೂ ಆ ಕಾಲಿಗೇ ಬಂದು ಬಡಿಯುತ್ತದೆ ಎಂದು ನಾನು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಕೊನೆಗೆ ನನ್ನಣ್ಣ ತನ್ನ ಹಳೆಯ ಕಾರನ್ನು ನಮ್ಮ ಬಾಗಿಲಲ್ಲಿ ತಂದು ನಿಲ್ಲಿಸಿ ಬೀಗದ ಕೈಯನ್ನು ನನ್ನ ಕೈಗಿಟ್ಟ. ಮನೆಯಲ್ಲಿ ಕಲಿತು ಓಡಿಸಲು ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಮೇಷ್ಟ್ರ ಕಾರಿನಲ್ಲಿ ಅವರು ಕೂರುತ್ತಿದ್ದ ಎಡಗಡೆ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಟ್ಟುಮಸ್ತಾದ ಆಳು, ಹೆಗಲ ಮೇಲೆ ಬೆವರೊರೆಸುವ ಟವಲು. ಮೊದಲ ದಿನ ನಾನು ಸ್ಟೇರಿಂಗನ್ನು ಬಿಗಿದು ಹಿಡಿದಿದ್ದನ್ನು ನೋಡಿ, "ಎದುರ್ಕಬ್ಯಾಡಿ ಕಣಮ್ಮ, ನನ್ ಕಾಲು ಬ್ರೇಕ್ ಮೇಲೇ ಅದೆ. ನೀವು ಸ್ಟೇರಿಂಗ್ ನೋಡ್ಕಳಿ, ಸಾಕು" ಎಂದರು. ಆ ಒಂದು ಮಾತನ್ನು ನೆಚ್ಚಿಕೊಂಡೇ ನಾನು ಕಲಿತೆ. ಹಾರ್ಡಿಂಜ್ ಸರ್ಕಲ್ಲಿನಲ್ಲಿ ನಾಲ್ಕೂ ಕಡೆಯಿಂದ ಬಸ್ಸುಗಳು ನುಗ್ಗಿ ಬರುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ, ಕಾರು ಮೆಲ್ಲಗೆ ನಿಲ್ಲುತ್ತಿತ್ತು. ನಾನೇ ನಿಲ್ಲಿಸಿದೆ ಎಂದುಕೊಳ್ಳುತ್ತಿದ್ದೆ. ಪರೀಕ್ಷೆಯ ದಿನ ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ಕಾರು ಸುತ್ತಿಸಿದರು. ಅಲ್ಲಿ ಅಡ್ಡ ಬರುವವರು ಯಾರು? ಲೈಸೆನ್ಸು ಬಂತು.

ಗಂಡನನ್ನು ಎಡಗಡೆ ಕೂರಿಸಿ, ಕಾಲು ಚಾಚಲು ಸೀಟನ್ನು ಹಿಂದಕ್ಕೆ ತಳ್ಳಿ, ದೇವರಿಗೆ ಕೈಮುಗಿದು ಹೊರಟೆ. ಹಾರ್ಡಿಂಜ್ ಸರ್ಕಲ್ಲಿನ ಹತ್ತಿರ ಮುಂದಿದ್ದ ಸಿಟಿ ಬಸ್ಸು ಗಕ್ಕನೆ ನಿಂತಿತು. ನಾನು ನಿಲ್ಲಿಸಲಿಲ್ಲ. ಕಾರು ನಿಲ್ಲುತ್ತದೆ ಎಂದು ಕಾದೆ. ಅಷ್ಟು ದಿನವೂ ಹಾಗೇ ನಿಂತಿತ್ತಲ್ಲ... ಬಸ್ಸಿನ ಹಿಂಭಾಗ ದೊಡ್ಡದಾಗುತ್ತಾ ಬಂತು. "ಮೇಷ್ಟ್ರೇ!" ಎಂದು ಕಿರುಚಿ ಎಡಕ್ಕೆ ತಿರುಗಿದೆ. ಅಲ್ಲಿ ನನ್ನ ಗಂಡ, ಪಟ್ಟಿ ಕಟ್ಟಿದ ಕಾಲನ್ನು ಬರಿಯ ನೆಲಕ್ಕೆ ಒತ್ತುತ್ತಾ, ಬಿಳಿಚಿದ ಮುಖದಲ್ಲಿ ಕೂತಿದ್ದರು. ಆಮೇಲೆ ನನ್ನ ಪಾದ ಹೇಗೆ ಬ್ರೇಕಿನ ಮೇಲೆ ಬಿತ್ತೋ ಕಾಣೆ. ಬಂಪರು ಬಸ್ಸನ್ನು ಸವರಿ ನಿಂತಿತು. ಬಸ್ಸಿನವರಿಗೆ ಗೊತ್ತೂ ಆಗಲಿಲ್ಲ. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಯಾರೋ ಪುಣ್ಯಾತ್ಮರು ಕಾರನ್ನು ನಮ್ಮ ಮನೆಯವರೆಗೆ ತಂದು ಬಿಟ್ಟುಹೋದರು.

ಅಂದೇ ಮೇಷ್ಟ್ರ ಹತ್ತಿರ ಹೋಗಿ ಕೂಗಾಡಿದೆ. "ಏನ್ ಕಲಿಸಿದ್ರಿ ಮೇಷ್ಟ್ರೇ? ನನ್ ಗಂಡನ್ನ ನಾನೇ ಕೊಂದ್ಬಿಡ್ತಿದ್ದೆ!"

ಅವರು ಟವಲಿನಿಂದ ಮುಖ ಒರೆಸಿಕೊಂಡರು. "ಎದ್ರಿಕೆ ನಂದು ಕಣಮ್ಮ, ನಿಮ್ದಲ್ಲ. ಬ್ರೇಕ್ ಮೇಲಿಂದ ಕಾಲ್ ತೆಗೀಬೇಕು ಅಂತೀನಿ, ತೆಗ್ಯಕ್ಕೆ ಆಗಕಿಲ್ಲ" ಎಂದರು. ಎಷ್ಟೋ ವರ್ಷದ ಹಿಂದೆ ಅವರ ತಮ್ಮ ಜೀಪು ಓಡಿಸುತ್ತಿದ್ದಾಗ ಇವರು ಎಡಗಡೆ ಕೂತಿದ್ದರಂತೆ. ಮರ ಎದುರಿಗೆ ಬರುವುದು ಇವರಿಗೇ ಮೊದಲು ಕಂಡಿತಂತೆ. ಒತ್ತಲು ಕಾಲ ಕೆಳಗೆ ಏನೂ ಇರಲಿಲ್ಲವಂತೆ... ಅಷ್ಟಕ್ಕೇ ನಿಲ್ಲಿಸಿದರು. ಮುಂದಿನದನ್ನು ನಾನು ಕೇಳಲಿಲ್ಲ. ಅಂದಿನಿಂದ ತಮ್ಮ ಕಡೆ ಬ್ರೇಕಿಲ್ಲದ ಯಾವ ಕಾರನ್ನೂ ಅವರು ಹತ್ತಿರಲಿಲ್ಲ. ಮನೆಗೆ ಹೋಗುವುದೂ ಸಿಟಿ ಬಸ್ಸಿನಲ್ಲಿ, ಅದೂ ಕಟ್ಟಕಡೆಯ ಸೀಟಿನಲ್ಲಿ. ಅಲ್ಲಿಂದ ಮುಂದಿನ ರಸ್ತೆ ಕಾಣುವುದಿಲ್ಲ ನೋಡಿ. ಊರಿನ ಪುಕ್ಕಲರಿಗೆಲ್ಲ ನಾನೇ ಯಜಮಾನಿ ಎಂದುಕೊಂಡಿದ್ದೆ. ನನಗಿಂತ ದೊಡ್ಡ ಪುಕ್ಕಲರು ನನ್ನ ಪಕ್ಕದಲ್ಲೇ ಕೂತಿದ್ದರು.

ಮಾರನೆಯ ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ನಮ್ಮ ಕಾರಿನ ಎಡಬಾಗಿಲು ತೆಗೆದು, ಬ್ರೇಕಿಲ್ಲದ ಆ ನೆಲವನ್ನು ಬಗ್ಗಿ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಊಟಕ್ಕೆ ಕೂರುವವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಕಾಲ್ ಕೆಳಗಿದ್ರೆ ಒತ್ತಾ ಇರ್ತೀನಿ, ನೀವೂ ಅದನ್ನೇ ನೋಡ್ತೀರಿ. ಮಡಿಸ್ಕಂಡಿದೀನಿ. ಇವತ್ತು ನೀವೇ ನಿಲ್ಲಿಸ್ಬೇಕು ಕಣಮ್ಮ."

ಗಂಡನನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೇ ಹೊರಟೆವು. ಹಾರ್ಡಿಂಜ್ ಸರ್ಕಲ್ಲನ್ನು ಹೇಗೆ ದಾಟಿದೆನೋ ನೆನಪಿಲ್ಲ. ಪಕ್ಕದಿಂದ "ಮಾದಪ್ಪಾ, ಮಾದಪ್ಪಾ" ಎಂದು ದೇವರನ್ನು ಕರೆಯುವ ಸಣ್ಣ ದನಿ ನಿಲ್ಲದೆ ಕೇಳುತ್ತಿದ್ದುದು ಮಾತ್ರ ನೆನಪಿದೆ. ಅಗ್ರಹಾರದ ಹತ್ತಿರ ಸ್ಕೂಟರೊಂದು ಗಲ್ಲಿಯಿಂದ ಸೀದಾ ನನ್ನ ಮುಂದಕ್ಕೆ ನುಗ್ಗಿತು. ಓಡಿಸುತ್ತಿದ್ದ ತಾಯಿಯ ಮುಂದೆ ಪುಟ್ಟ ಮಗು ನಿಂತಿತ್ತು. ಮೇಷ್ಟ್ರು ಕಿರುಚಿಕೊಂಡರು. ಎರಡೂ ಕೈಯಲ್ಲಿ ತಮ್ಮ ಮಂಡಿಗಳನ್ನೇ ಅದುಮಿ ಹಿಡಿದುಕೊಂಡರು. ಕಾಲು ಮಾತ್ರ ಇಳಿಸಲಿಲ್ಲ. ನಾನು ಒತ್ತಿದೆ. ಕಾರು ಮುಗ್ಗರಿಸಿ ನಿಂತಿತು, ಇಂಜಿನ್ನೂ ಆಫಾಯಿತು. ಮಗು ನನ್ನನ್ನೇ ನೋಡುತ್ತಾ ದಾಟಿಹೋಯಿತು. ಬ್ರೇಕನ್ನು ಒತ್ತಿದ ಕಾಲು ಇನ್ನೂ ಅದರ ಮೇಲೇ ಇತ್ತು. ಅದು ನನ್ನ ಕಾಲೇ ಆಗಿತ್ತು.

ಬಲ್ಲಾಳ್ ಸರ್ಕಲ್ಲು ದಾಟಿ ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದಾಗ ಮೇಷ್ಟ್ರು ಬಾಗಿಲು ಹಿಡಿದು ಇಳಿದರು, ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಂಡರು. ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ, "ಬಂತು ಬುಡಿ ನಿಮ್ಗೆ" ಎಂದರು. ವಾಪಸು ಕರೆದುಕೊಂಡು ಹೋಗುತ್ತೇನೆಂದರೆ ಕೈಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. ಆಮೇಲೆ ಒಂದು ದಿನವೂ ಫಿಸಿಯೋಥೆರಪಿ ತಪ್ಪಲಿಲ್ಲ. ಈಗ ನನ್ನ ಗಂಡ ಓಡಿ ಹೋಗಿ ಹೆಬ್ಬಾಳದ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ.

ಮೇಷ್ಟ್ರು ತೀರಿಹೋದ ಸುದ್ದಿ ನನಗೆ ಒಂದು ವಾರ ತಡವಾಗಿ ತಿಳಿಯಿತು. ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಅಳುತ್ತಲೇ ಹೇಳಿದರು. "ಎದೆನೋವು ಅಂದ್ರು. ಮಗನ್ ಕಾರು ಬಾಗ್ಲಲ್ಲೇ ನಿಂತಿತ್ತು ಕಣವ್ವ, ಹತ್ತನಿಲ್ಲ. ಆಂಬ್ಯುಲೆನ್ಸೇ ಬರ್ಲಿ, ಮನೀಕಂಡು ಓಯ್ತೀನಿ ಅಂದ್ರು. ಅದು ಬರಾಗಂಟ ಇರ್ನಿಲ್ಲ..." ಮಗ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಾ ನಿಂತಿದ್ದ. ಅವರು ಒಮ್ಮೆ ನನ್ನ ಕಾರಿನಲ್ಲಿ ಕೂತು ಬಂದದ್ದನ್ನು ಹೇಳಬೇಕೆಂದು ಹೋಗಿದ್ದೆ, ಹೇಳದೆ ವಾಪಸು ಬಂದೆ.

ಹೋದ ವಾರ ಆ ಏರು ಹತ್ತಿದ ಮೇಲೆ ಪೆಟ್ರೋಲ್ ಬಂಕಿಗೆ ಹೋದೆ. ಪಕ್ಕದಲ್ಲಿ ನಿಂತ ಕಾರಿನಿಂದ ಇಳಿದವನು ಅದೇ ಮಗ. ಗುರುತು ಹಿಡಿದು ಹತ್ತಿರ ಬಂದ. ಅದೂ ಇದೂ ಮಾತಾಡಿದ. ಆಮೇಲೆ ಇದ್ದಕ್ಕಿದ್ದಂತೆ ಕೇಳಿದ. "ಅಕ್ಕಾ, ನೀವು ಅಪ್ಪನ ಹತ್ರ ಕಲಿತೋರು. ಅಪ್ಪ ಯಾರ ಕಾರಲ್ಲೂ ಕೂರ್ತಿರ್ಲಿಲ್ಲ ಅಲ್ವಾ? ನನ್ ಕಾರು ಅಂತ ಅಲ್ಲ ತಾನೆ?"

ಬಸ್ಸಿನ ಹಿಂಭಾಗ ಕಣ್ಣಿಗೆ ಬಂದ ದಿನವೂ ಅಷ್ಟು ಭಯವಾಗಿರಲಿಲ್ಲ.

"ಯಾರ ಕಾರಲ್ಲೂ ಕೂರ್ತಿರ್ಲಿಲ್ಲ ಕಣಪ್ಪ" ಎಂದೆ.

ಅವನು ತಲೆಯಾಡಿಸಿದ, ಮುಖ ಸ್ವಲ್ಪ ಸಡಿಲವಾಯಿತು. ಮೇಷ್ಟ್ರು ಇಲ್ಲ. ಅವರು ನನ್ನ ಪಕ್ಕದಲ್ಲಿ ಕಾಲು ಮಡಿಸಿ ಕೂತು ಬಂದ ಆ ಒಂದು ಬೆಳಗು ಮಾತ್ರ ನನಗೆ ಉಳಿದಿತ್ತು. ಅದು ನಡೆದೇ ಇಲ್ಲವೆಂದು ಅವರ ಮಗನಿಗೆ ನಾನೇ ಹೇಳಿ ಬಂದೆ.